ಚಿಕ್ಕನಿಂಗಮ್ಮನ ವಿಭೂತಿ ಚೀಲ

ಚಿಕ್ಕನಿಂಗಮ್ಮನ ಬೆರಳ ತುದಿಗಳಲ್ಲಿ ರೇಖೆಗಳಿಲ್ಲ. ಚಾಮರಾಜನಗರದ ಒಂದು ನೂಲು ಬಿಚ್ಚಾಣಿಕೆ ಘಟಕದಲ್ಲಿ ಆಕೆ ಹದಿನಾರು ವರ್ಷ ಕೆಲಸ ಮಾಡಿದವಳು. ಬಿಸಿನೀರಿನಲ್ಲಿ ತೇಲುವ ರೇಷ್ಮೆಗೂಡುಗಳ ನಡುವೆ ಕೈಯಾಡಿಸಿ ಎಳೆಯ ತುದಿ ಹುಡುಕಿ ಹುಡುಕಿ ಚರ್ಮ ನುಣ್ಣಗಾಗಿದೆ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪುವುದಿಲ್ಲ. "ನಾನು ಇಲ್ವೇ ಇಲ್ಲ ಅಂತದೆ ಕಣ್ ಮೇಷ್ಟ್ರೆ ಆ ಮಿಸನ್ನು. ಎದ್ರುಗೆ ನಿಂತಿವ್ನಿ, ಆದ್ರೂ ಇಲ್ಲ ಅಂತದೆ" ಎಂದು ನಗುತ್ತಿದ್ದಳು.

ಘಟಕ ಮುಚ್ಚಿದ ಮೇಲೆ ಆಕೆ ಊರಿನ ಒಂದು ಆಸ್ಪತ್ರೆಗೆ ಆಯಾ ಆಗಿ ಸೇರಿದಳು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಮೊದಲು ನೆಲ ಒರೆಸುವುದು, ಆಮೇಲೆ ಹೆರಿಗೆ ವಾರ್ಡು, ಕಡೆಗೆ ಐಸಿಯು. ನಾನು ಆಕೆಯನ್ನು ಕಂಡಾಗ ಅವಳಿಗೆ ಐವತ್ತು ದಾಟಿತ್ತು. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳನ್ನು ನಂಜನಗೂಡಿಗೆ ಮದುವೆ ಮಾಡಿ ಕೊಟ್ಟಿದ್ದಳು.

ನನ್ನ ತಮ್ಮ ಮರಿಮಲ್ಲಪ್ಪನ ಕಾಯಿಲೆಯಿಂದ ನನಗೆ ಅವಳ ಪರಿಚಯವಾಯಿತು. ತಮ್ಮ ತೆರಕಣಾಂಬಿಯ ಹತ್ತಿರ ಅರಿಸಿನ ಬೆಳೆಯುವವನು. ಕಳೆದ ವರ್ಷ ಸಂಕ್ರಾಂತಿ ಕಳೆದ ವಾರದಲ್ಲಿ ಅವನ ಪಾದಗಳು ಜೋಮು ಹಿಡಿದವು. ಮೂರು ದಿನದಲ್ಲಿ ಕಾಲು ಬಿತ್ತು, ಐದನೆಯ ದಿನ ಕೈ ಬಿತ್ತು, ಆರನೆಯ ದಿನ ಉಸಿರಾಡುವ ಶಕ್ತಿಯೂ ಹೋಯಿತು. ನರಗಳಿಗೆ ಬರುವ ಕಾಯಿಲೆ, ಗುಣವಾಗುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದರು ಮೈಸೂರಿನ ವೈದ್ಯರು. ಅಲ್ಲಿ ಮೂರು ವಾರ ಇದ್ದ. ಗಂಟಲಿಗೆ ರಂಧ್ರ ಮಾಡಿ ನಳಿಕೆ ಹಾಕಿ ವೆಂಟಿಲೇಟರಿಗೆ ಜೋಡಿಸಿದ್ದರು. ಆಮೇಲೆ, ಮನೆಯವರಿಗೆ ಹತ್ತಿರವಾಗಲಿ ಎಂದು ಚಾಮರಾಜನಗರಕ್ಕೆ ತಂದೆವು. ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತನಾಗಿದ್ದ ನಾನು ಗುಂಡ್ಲುಪೇಟೆಯಿಂದ ದಿನವೂ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಮರಳುತ್ತಿದ್ದೆ.

ಅವನ ಬುದ್ಧಿ ಮಾತ್ರ ಚೆನ್ನಾಗಿತ್ತು. ಎಲ್ಲ ಕೇಳಿಸುತ್ತಿತ್ತು, ಎಲ್ಲ ತಿಳಿಯುತ್ತಿತ್ತು. ಆಡುತ್ತಿದ್ದುದು ಕಣ್ಣೊಂದೇ. ದಾದಿಯರು ತಮ್ಮ ಕೆಲಸ ಮಾಡಿ ಮುಂದೆ ಹೋಗುತ್ತಿದ್ದರು. ಚಿಕ್ಕನಿಂಗಮ್ಮ ಮಾತ್ರ ಮಗ್ಗಲು ತಿರುಗಿಸುವಾಗ, ಬಾಯಿ ಒರೆಸುವಾಗ ಅವನೊಡನೆ ಮಾತನಾಡುತ್ತಿದ್ದಳು.

"ಏನ್ ಸಾವ್ಕಾರ್ರೇ, ನಿದ್ದೆ ಬಂತಾ? ಒಂದ್ಸಲ ಕಣ್ ಮಿಟುಕಿಸಿದ್ರೆ ಬಂತು ಅಂತ, ಎಲ್ಡ್ ಸಲ ಮಿಟುಕಿಸಿದ್ರೆ ಬರ್ನಿಲ್ಲ ಅಂತ."

ತಮ್ಮ ಮೂರು ಸಲ ಮಿಟುಕಿಸಿದ.

"ಮೂರು ಅಂದ್ರೆ ಏನ್ ಮೇಷ್ಟ್ರೆ?"

"ನಿನ್ನ ಮಾತು ಸಾಕು ಅಂತಿರಬೇಕು" ಎಂದೆ.

"ಅಯ್, ಬುಡಿ! ನನ್ ಗಂಡನೂ ಇಂಗೇಯ. ಬಾಯಿದ್ರೂ ಕಣ್ಣಲ್ಲೇ ಬಯ್ಯೋನು" ಎಂದಳು. ತಮ್ಮನ ಕಣ್ಣು ನಕ್ಕಿತು. ಆ ಕಾಯಿಲೆಯಲ್ಲಿ ಅವನು ನಕ್ಕದ್ದನ್ನು ನಾನು ಮೊದಲು ಕಂಡದ್ದು ಅಂದು.

ಕೆಲವು ದಿನಗಳಿಂದ ಅವನು ನನ್ನನ್ನು ಕಂಡೊಡನೆ ನನ್ನ ಹಣೆಯನ್ನೇ ದಿಟ್ಟಿಸುತ್ತಿದ್ದ. ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ನಮ್ಮದು ಲಿಂಗಪೂಜೆಯ ಮನೆತನ. ದೀಕ್ಷೆಯಾದ ದಿನದಿಂದ ತಮ್ಮ ಪೂಜೆಯಿಲ್ಲದೆ ನೀರು ಕುಡಿದವನಲ್ಲ. ಈಗ ಕೈಯೇ ಏಳದು. ಬರಿಯ ಹಣೆಯಲ್ಲಿ ಮಲಗಿದ್ದ. "ವಿಭೂತಿ ಬೇಕೇನಪ್ಪ?" ಎಂದು ಕೇಳಿದೆ. ಒಂದು ಸಲ ಮಿಟುಕಿಸಿದ. ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು.

ದಾದಿಯನ್ನು ಕೇಳಿದರೆ, ಹೊರಗಿನ ಯಾವ ವಸ್ತುವನ್ನೂ ಒಳಗೆ ತರುವಂತಿಲ್ಲ ಎಂಬ ಬೋರ್ಡನ್ನು ತೋರಿಸಿದಳು. ನಾನು ಚಿಕ್ಕನಿಂಗಮ್ಮನನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿಕೊಂಡೆ. ಕೇಳಿದವನು ನಾನು. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು.

"ರೂಲ್ಸ್ ಅದೆ ಮೇಷ್ಟ್ರೆ" ಎಂದಳು.

"ಹಣೆಗೆ ಮೂರು ಬೆರಳು, ಅಷ್ಟೇ ತಾಯಿ. ಕೊರಳಿಗೆ ಬೇಡ, ಅಲ್ಲಿ ನಳಿಕೆಯಿದೆ."

ಐಸಿಯುವಿನ ಬಾಗಿಲ ಕಡೆ ಒಮ್ಮೆ ನೋಡಿದಳು. "ಇಬೂತಿ ತಾನೆ, ಅದೇನ್ ಇಸವಾ? ತಂದ್ಕೊಡಿ ಬುಡಿ."

ಮರುದಿನ ತಮ್ಮನ ಪೂಜೆಯ ಪೆಟ್ಟಿಗೆಯಿಂದಲೇ ವಿಭೂತಿ ಗಟ್ಟಿಯನ್ನು ತಂದೆ. ನನ್ನ ಹೆಂಡತಿ ಕಾವಿ ಬಟ್ಟೆಯ ಒಂದು ಪುಟ್ಟ ಚೀಲ ಹೊಲಿದು ಅದರಲ್ಲಿ ಹಾಕಿಕೊಟ್ಟಳು. ಚಿಕ್ಕನಿಂಗಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಗಾಜಿನ ಬಾಗಿಲಿನಾಚೆ ನಿಂತು ನೋಡಿದೆ. ಗಟ್ಟಿಯನ್ನು ಒಂದೆರಡು ಹನಿ ನೀರಿನಲ್ಲಿ ಅಂಗೈಯಲ್ಲಿ ತೇದು, ಮೂರು ಬೆರಳಿನಿಂದ ಹಣೆಗೆ ನಿಧಾನವಾಗಿ ಎಳೆದಳು. ತಮ್ಮ ಕಣ್ಣು ಮುಚ್ಚಿಕೊಂಡ.

ಆ ಐಸಿಯುವಿನಲ್ಲಿ ವೆಂಟಿಲೇಟರಿನ ಹಾಸಿಗೆಗಳು ನಾಲ್ಕು. ಎರಡನೆಯದರಲ್ಲಿ ತಮ್ಮ. ಮೊದಲನೆಯದರಲ್ಲಿ ಹಂಗಳದ ಮೂಗಯ್ಯ. ಹುಣಸೆಹಣ್ಣು ಬಡಿಯಲು ಮರ ಹತ್ತಿ ಬಿದ್ದು ತಲೆಗೆ ಪೆಟ್ಟಾಗಿತ್ತು. ಮೂರನೆಯದರಲ್ಲಿ ರೇಷ್ಮೆಗೂಡಿನ ವ್ಯಾಪಾರಿ ಲಿಯಾಕತ್ ಅಲಿ ಸಾಹೇಬರು. ಹಳೆಯ ಉಬ್ಬಸ ಕೆರಳಿ ಬಂದವರು. ನಾಲ್ಕನೆಯದರಲ್ಲಿ ರಂಗನಾಯಕ ಎಂಬ ಲಾರಿ ಚಾಲಕ.

ಮೂಗಯ್ಯನ ಮಗಳು ಪವಿತ್ರ ನನ್ನ ಜೊತೆ ಹೊರಗಿನ ಬೆಂಚಿನಲ್ಲಿ ಕೂತಿರುತ್ತಿದ್ದಳು. ತಾಯಿಯಿಲ್ಲದ ಹುಡುಗಿ, ಇಪ್ಪತ್ತೈದರ ಆಸುಪಾಸು. ಮೂರನೆಯ ದಿನ ತಮ್ಮನ ಹಣೆಯನ್ನು ನೋಡಿ ಚಿಕ್ಕನಿಂಗಮ್ಮನ ಕೈ ಹಿಡಿದುಕೊಂಡಳು. "ಯವ್ವ, ನಮ್ಮಪ್ಪಂಗೂ ವಸಿ ಹಾಕವ್ವ. ಮಾದಪ್ಪನ ಒಕ್ಲು ನಾವು. ಬೋಳು ಅಣೇಲಿ ಮನಗವ್ನೆ, ನೋಡಕ್ಕಾಗಲ್ಲ." ಮರುದಿನ ರಂಗನಾಯಕನ ಅಣ್ಣನೂ ಕೇಳಿದ. ಹಾಗೆ ದಿನವೂ ಬೆಳಗ್ಗೆ ಮೂರು ಹಣೆಗಳಿಗೆ ವಿಭೂತಿ ನಡೆಯಿತು. ದಾದಿಯರು ಕಂಡೂ ಕಾಣದವರಂತೆ ಸುಮ್ಮನಾದರು. ಅವರಲ್ಲಿಯೂ ಇಬ್ಬರು ಹಚ್ಚಿಸಿಕೊಳ್ಳುವವರಿದ್ದರು.

ಲಿಯಾಕತ್ ಅಲಿಯವರ ಹೆಂಡತಿ ಮೆಹರ್ ಬಾನು ದಿನಕ್ಕೆರಡು ಸಲ ಬಂದು, ಹಾಸಿಗೆಯಿಂದ ಒಂದು ಮಾರು ದೂರ ನಿಂತು, ತುಟಿಯಲ್ಲಿಯೇ ಏನೋ ಓದಿ ಗಂಡನ ಕಡೆಗೆ ಮೆಲ್ಲಗೆ ಊದಿ ಹೋಗುತ್ತಿದ್ದರು. ಚಿಕ್ಕನಿಂಗಮ್ಮ ಅವರನ್ನೂ ಬಿಡಲಿಲ್ಲ.

"ಬೂವಮ್ಮ, ಎಲ್ಲಾರ್ಗೂ ಹಾಕ್ತಿವ್ನಿ. ಸಾಯ್ಬ್ರು ಒಬ್ರೇ ಬೇಜಾರ್ ಮಾಡ್ಕಂಡಾರು!"

"ಹಾಕಿ ನೋಡಿ! ಎದ್ದ ತಕ್ಷಣ ನಿಮಗೂ ಬೈತಾರೆ, ನಂಗೂ ಬೈತಾರೆ" ಎಂದು ಮೆಹರ್ ಬಾನು ನಕ್ಕರು. "ನೀವು ದುಆ ಮಾಡಿ ಚಿಕ್ಕನಿಂಗಮ್ಮ, ಅಷ್ಟೇ ಸಾಕು."

ಚಿಕ್ಕನಿಂಗಮ್ಮ ಶುಚಿಯಲ್ಲಿ ಬಲು ಕಟ್ಟುನಿಟ್ಟು. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವಾಗ ಗೋಡೆಯ ಸೀಸೆಯ ದ್ರಾವಣದಿಂದ ಕೈ ಉಜ್ಜಿಕೊಳ್ಳುವುದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಕೈ ಉಜ್ಜಿಕೊಂಡ ಮೇಲೆ ಚೀಲವನ್ನು ಬಿಚ್ಚುತ್ತಿದ್ದಳು, ಗಟ್ಟಿ ತೇಯುತ್ತಿದ್ದಳು, ಹಣೆಗೆ ಹಚ್ಚುತ್ತಿದ್ದಳು, ಒದ್ದೆ ಗಟ್ಟಿಯನ್ನು ಮತ್ತೆ ಚೀಲಕ್ಕೆ ಹಾಕುತ್ತಿದ್ದಳು. ಚೀಲ ಯಾವಾಗಲೂ ಹಸಿಹಸಿಯಾಗಿರುತ್ತಿತ್ತು. ಕೈ ಮೈಲಿಗೆಯಾಗಬಹುದು, ಬಟ್ಟೆ ಮೈಲಿಗೆಯಾಗಬಹುದು, ವಿಭೂತಿಯ ಚೀಲವನ್ನು ತೊಳೆಯಬೇಕೆಂದು ಯಾರಿಗೆ ತೋಚುತ್ತದೆ? ಅವಳಿಗೆ ತೋಚಲಿಲ್ಲ. ಮೂವತ್ತನಾಲ್ಕು ವರ್ಷ ಪಾಠ ಹೇಳಿದ ನನಗೂ ತೋಚಲಿಲ್ಲ.

ಎರಡು ವಾರವಾಗಿರಬೇಕು. ಮೂಗಯ್ಯನಿಗೆ ಜ್ವರ ಬಂತು. ನಳಿಕೆಯಲ್ಲಿ ಹಳದಿ ಕಫ. ಎದೆಯ ಚಿತ್ರ ತೆಗೆದು ನ್ಯುಮೋನಿಯಾ ಎಂದರು. ನಾಲ್ಕು ದಿನದಲ್ಲಿ ರಂಗನಾಯಕನಿಗೂ ಹಾಗೆಯೇ ಆಯಿತು. ತಮ್ಮನಿಗೆ ಒಂದು ದಿನ ಮೈ ಬೆಚ್ಚಗಾಗಿ ಬಿಟ್ಟಿತು, ಅಷ್ಟೇ; ಆದರೂ ಎಲ್ಲರ ಕಫವನ್ನೂ ಪರೀಕ್ಷೆಗೆ ಕಳುಹಿಸಿದರು.

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಶಿವರಂಜಿನಿ ನನ್ನ ವಿದ್ಯಾರ್ಥಿನಿ. ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಮುಂದಿನ ಬೆಂಚಿನಲ್ಲಿ ಕೂತು, ನಾನು ಕಪ್ಪು ಹಲಗೆಯ ಮೇಲೆ ದೀರ್ಘ ಬಿಟ್ಟರೆ ಎದ್ದು ನಿಂತು ಹೇಳುತ್ತಿದ್ದ ಹುಡುಗಿ. ಈಗ ಬಿಳಿಯ ಕೋಟು ಹಾಕಿದ್ದಳು. ಹೆಸರು ಹೇಳಿದಳು: ಅಸಿನೆಟೊಬ್ಯಾಕ್ಟರ್.

"ವೆಂಟಿಲೇಟರ್ ರೋಗಿಗಳಿಗೆ ಇದು ದೊಡ್ಡ ಶತ್ರು ಸಾರ್. ಕೆರೆ ಮೆಟ್ಟಿಲ ಮೇಲೆ ಪಾಚಿ ಕಟ್ಟುತ್ತಲ್ಲ, ಹಾಗೆ ನಳಿಕೆ ಒಳಗೆ ಪದರ ಕಟ್ಟಿಕೊಂಡು ಕೂತುಬಿಡುತ್ತೆ. ಒಣಗಿದ ಜಾಗದಲ್ಲೂ ವಾರಗಟ್ಟಲೆ ಬದುಕಿರುತ್ತೆ. ಇದರ ಹತ್ತಿರ ಒಂದು ಜೀನ್ ಇದೆ, ನಮ್ಮ ದೊಡ್ಡ ಔಷಧಗಳನ್ನೇ ಕತ್ತರಿಸಿ ಹಾಕುತ್ತೆ. ಉಳಿದಿರೋದು ಒಂದೇ ಔಷಧ, ಅದು ಮೂತ್ರಪಿಂಡಕ್ಕೆ ಹೊಡೀಬಹುದು."

"ಎಲ್ಲಿಂದ ಬಂತಮ್ಮ ಇದು?"

"ಅದೇ ಗೊತ್ತಾಗ್ಬೇಕು. ಬೆಂಗಳೂರಿಗೆ ಕಳಿಸಿದ್ದೀವಿ, ಅದರ ಜೀನುಗಳನ್ನ ಪೂರ್ತಿ ಓದ್ತಾರೆ. ನಾಳೆ ನಾವು ಐಸಿಯುನಲ್ಲಿ ಎಲ್ಲಾ ಕಡೆ ಒರೆಸಿ ಮಾದರಿ ತಗೋತೀವಿ. ಮಂಚ, ಸಿಂಕು, ಬಾಗಿಲ ಹಿಡಿ, ಎಲ್ಲಾ."

ಮರುದಿನ ಬೆಳಗ್ಗೆ ನಾನು ಬಸ್ಸಿಳಿದು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಚಿಕ್ಕನಿಂಗಮ್ಮ ಇಳಿದು ಬಂದಳು. ಸೊಂಟದಿಂದ ಚೀಲ ತೆಗೆದು ನನ್ನ ಕೈಗಿಟ್ಟಳು.

"ಮೇಷ್ಟ್ರೆ, ಇದ್ನ ವಸಿ ಮನ್ಗೆ ತಕ್ಕಂಡೋಗಿ. ಇವತ್ತು ಎಲ್ಲಾನೂ ತಪಾಸ್ ಮಾಡ್ತರಂತೆ. ಒರ್ಗಿಂದ್ ಸಾಮಾನು ಸಿಕ್ರೆ ನನ್ ಕೆಲ್ಸ ತಗೀತರೆ."

ಅವಳು ರೋಗಕ್ಕೆ ಹೆದರಿದ್ದಲ್ಲ, ಬೋರ್ಡಿನ ಮೇಲಿನ ನಿಯಮಕ್ಕೆ ಹೆದರಿದ್ದು. ನಾನೂ ಅಷ್ಟೇ ತಿಳಿದು, ಚೀಲವನ್ನು ಜುಬ್ಬದ ಜೇಬಿಗೆ ಹಾಕಿಕೊಂಡೆ. ಮನೆಗೆ ತಂದು ದೇವರ ಗೂಡಿನಲ್ಲಿಟ್ಟೆ. ಅಂದಿನ ಮಾದರಿಗಳಲ್ಲಿ ಮೂರು ಮಂಚಗಳ ಸರಳಿನ ಮೇಲೆ ಮಾತ್ರ ಆ ಸೂಕ್ಷ್ಮಜೀವಿ ಸಿಕ್ಕಿತಂತೆ. ಅಲ್ಲಿಗೆ ಹೇಗೆ ಬಂತೆಂದು ತಿಳಿಯಲಿಲ್ಲ.

ಮೂಗಯ್ಯನ ಮೂತ್ರಪಿಂಡ ಆ ಔಷಧವನ್ನು ತಡೆಯಲಿಲ್ಲ. ಶಿವರಾತ್ರಿ ಕಳೆದ ಮೂರನೆಯ ದಿನ ತೀರಿಕೊಂಡ. ಪವಿತ್ರ ಅಪ್ಪನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಆಂಬುಲೆನ್ಸು ಹತ್ತಿದಳು. ಅಂದಿನಿಂದ ಕಾರಿಡಾರಿನಲ್ಲಿ ಒಂದು ಮಾತು ಹುಟ್ಟಿತು. ಮೂಗಯ್ಯ ಮರದಿಂದ ಬಿದ್ದಾಗ ಮೊದಲು ಬೇರೊಂದು ಕಡೆ ದಾಖಲಾಗಿ ಆಮೇಲೆ ಇಲ್ಲಿಗೆ ಬಂದವನು. ಸೋಂಕನ್ನು ತಂದವನು ಅವನೇ ಎಂದರು. ರಂಗನಾಯಕನ ಅಣ್ಣ ಫೋನು ಮಾಡಿ ಪವಿತ್ರಳಿಗೇ ಹೇಳಿದನಂತೆ: "ನಿಮ್ಮಪ್ಪ ತಾನೂ ಓದ, ನಮ್ಮುಡ್ಗನ್ಗೂ ಅಂಟಿಸ್ಬುಟ್ಟು ಓದ."

ಎರಡು ವಾರದ ಮೇಲೆ ಬೆಂಗಳೂರಿನ ವರದಿ ಬಂತು. ಶಿವರಂಜಿನಿ ಕ್ಯಾಂಟೀನಿನಲ್ಲಿ ನನಗೆ ಕಾಫಿ ತರಿಸಿ, ಕಾಗದದ ಹಿಂಭಾಗದಲ್ಲಿ ಬರೆದು ವಿವರಿಸಿದಳು.

"ಸಾರ್, ನೀವು ಒಂಬತ್ತನೇ ಕ್ಲಾಸಿನಲ್ಲಿ ಕಾಪಿ ಹೇಗೆ ಹಿಡೀತಿದ್ರಿ, ನೆನಪಿದೆಯಾ? ಸರಿ ಉತ್ತರ ಎಲ್ಲರದ್ದೂ ಒಂದೇ ಇರುತ್ತೆ, ತಪ್ಪು ಒಂದೇ ಥರ ಇದ್ರೆ ನೋಡಿ ಬರೆದಿದ್ದು ಅಂತಿದ್ರಿ. ಇದೂ ಹಾಗೇ. ಸೂಕ್ಷ್ಮಜೀವಿ ಒಂದು ಎರಡಾಗುವಾಗ ತನ್ನ ಜೀನುಗಳನ್ನ ನಕಲು ಮಾಡುತ್ತೆ. ಆಗೊಮ್ಮೆ ಈಗೊಮ್ಮೆ ಒಂದಕ್ಷರ ತಪ್ಪುತ್ತೆ. ಮುಂದಿನದ್ದು ಆ ತಪ್ಪನ್ನೂ ಸೇರಿಸಿ ನಕಲು ಮಾಡುತ್ತೆ. ಮೂರು ಜನರದ್ದೂ ಒಂದೇ ಮನೆತನ. ಮೂಗಯ್ಯ ಅವರದ್ದರಲ್ಲಿ ಒಂದು ಹೊಸ ತಪ್ಪಿದೆ. ರಂಗನಾಯಕ ಅವರದ್ದರಲ್ಲಿ ಆ ತಪ್ಪೂ ಇದೆ, ಜೊತೆಗೆ ಇನ್ನೊಂದಿದೆ."

"ನನ್ನ ತಮ್ಮನದ್ದು?"

ಅವಳು ತಲೆ ತಗ್ಗಿಸಿದಳು. "ಅವರದ್ದರಲ್ಲಿ ಎರಡೂ ತಪ್ಪಿಲ್ಲ ಸಾರ್. ಅವರದ್ದೇ ಮೂಲ ಪ್ರತಿ ಇದ್ದ ಹಾಗೆ. ಇಲ್ಲಿಗೆ ಬರೋ ಮುಂಚೆಯೇ ಅವರ ನಳಿಕೇಲಿ ಸೇರ್ಕೊಂಡಿತ್ತು ಅನ್ಸುತ್ತೆ. ಕೆಲವರ ಮೈಯಲ್ಲಿ ಅದು ಸುಮ್ಮನೆ ಕೂತಿರುತ್ತೆ, ಅವರಿಗೇ ಏನೂ ಮಾಡಲ್ಲ."

ಕಾಫಿ ಆರುತ್ತಿತ್ತು. ಮೂಗಯ್ಯ ತಂದದ್ದಲ್ಲ. ಮೂಗಯ್ಯನಿಗೆ ಕೊಟ್ಟದ್ದು.

"ಒಂದು ಮಾತ್ರ ತಿಳೀತಿಲ್ಲ" ಎಂದಳು ಶಿವರಂಜಿನಿ. "ಮೂರನೇ ಹಾಸಿಗೆಯ ಲಿಯಾಕತ್ ಅಲಿ ಅವರು ನಿಮ್ಮ ತಮ್ಮನ ಪಕ್ಕದಲ್ಲೇ ಇದ್ರು. ಅವರ ಕಫದಲ್ಲಿ ಸಿಕ್ಕಿದ್ದು ಬೇರೆ ಮನೆತನದ್ದು, ಸಾಧಾರಣ ಔಷಧಕ್ಕೇ ಬಗ್ಗಿತು. ಒಂದು, ಎರಡು, ನಾಲ್ಕು. ಮೂರನ್ನ ಹಾರಿ ಹೋಗಿದೆ. ದಾದಿಯರು ಅವರೇ, ಸಿಂಕೂ ಅದೇ, ಯಂತ್ರಗಳೂ ಒಂದೇ ಥರದ್ದು. ಆ ಮೂವರಿಗೆ ಮುಟ್ಟಿ ಅವರಿಗೊಬ್ಬರಿಗೆ ಮುಟ್ಟದೆ ಇದ್ದಿದ್ದು ಏನಿರಬಹುದು ಸಾರ್?"

ನನಗೆ ಗೊತ್ತಾಯಿತು. ಆ ಕ್ಷಣದಲ್ಲಿಯೇ ಗೊತ್ತಾಯಿತು. ಗಾಜಿನ ಬಾಗಿಲಿನಾಚೆ ಕಂಡ ಆ ಮೂರು ಬೆರಳು ಕಣ್ಣ ಮುಂದೆ ಬಂದವು.

"ನನಗೇನು ತಿಳಿಯುತ್ತದಮ್ಮ" ಎಂದೆ.

ನನ್ನ ವಿದ್ಯಾರ್ಥಿನಿಯ ಮುಂದೆ ಕೂತು ಹೇಳಿದ ಸುಳ್ಳು ಅದು. ಸುಳ್ಳು ಹೇಳಿ ಅವಳು ಕೊಡಿಸಿದ ಕಾಫಿ ಕುಡಿದು ಎದ್ದು ಬಂದೆ. ಬಸ್ಸಿನಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಚಿಕ್ಕನಿಂಗಮ್ಮನ ಕೆಲಸ ಹೋಗುತ್ತದೆ, ಬಡವಳು, ಅವಳನ್ನು ಉಳಿಸುವುದಕ್ಕಾಗಿ ಸುಮ್ಮನಿದ್ದೇನೆ ಎಂದು. ಅದು ಅರ್ಧ ನಿಜ. ಚೀಲ ಹೊರಗೆ ಬಂದರೆ ಅದು ಯಾರ ಮನೆಯದೆಂಬ ಪ್ರಶ್ನೆಯೂ ಬರುತ್ತದೆ.

ಎರಡು ದಿನ ಹಾಗೆ ಕಳೆದೆ. ಮೂರನೆಯ ದಿನ ಚಿಕ್ಕನಿಂಗಮ್ಮ ಆಸ್ಪತ್ರೆಯ ಹಿಂದಿನ ಹೊಂಗೆಮರದ ಕೆಳಗೆ ನನಗಾಗಿ ಕಾಯುತ್ತಿದ್ದಳು. ಮುಖ ಬಾಡಿತ್ತು.

"ರಂಜಿನಿ ಮೇಡಮ್ಮು ಎಲ್ಲಾರ್ನೂ ಕೂರಿಸ್ಕಂಡು ಕೇಳುದ್ರು ಮೇಷ್ಟ್ರೆ. ಮೂರ್ ಜನುಕ್ಕೆ ಏನ್ ಮಾಡುದ್ರಿ, ಸಾಯ್ಬ್ರಿಗೆ ಏನ್ ಮಾಡ್ನಿಲ್ಲ ಅಂತ. ನಂಗೆ ಅಲ್ಲೇ ಇಬೂತಿ ಗ್ಯಾನ ಬಂತು. ಆ ಚೀಲ ಎಲ್ಲದೆ?"

"ಮನೆಯಲ್ಲಿದೆ."

"ನಾಳೆ ತನ್ನಿ."

"ತಂದು ಏನು ಮಾಡುತ್ತೀಯ? ನಿನ್ನ ಕೆಲಸ ಹೋಗುತ್ತದೆ ಚಿಕ್ಕನಿಂಗಮ್ಮ. ಆದದ್ದು ಆಗಿಹೋಯಿತು. ಈಗ ಯಾರಿಗೂ ಹಚ್ಚುತ್ತಿಲ್ಲ, ರಂಗನಾಯಕನೂ ಚೇತರಿಸಿಕೊಳ್ಳುತ್ತಿದ್ದಾನೆ. ನಾನು ಅದನ್ನು ಕೆರೆಗೆ ಹಾಕಿಬಿಡುತ್ತೇನೆ. ಯಾರಿಗೂ ತಿಳಿಯುವುದಿಲ್ಲ."

ಅವಳು ನನ್ನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ.

"ನೀವ್ ಮೇಷ್ಟ್ರು. ನೀವೇ ಇಂಗ್ ಏಳ್ಬೋದಾ?" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. "ನಾಳಿಕ್ಕೆ ಇನ್ನೊಬ್ಳು ಆಯಾ ಬತ್ತಳೆ. ಇನ್ಯಾರೋ ಇಬೂತಿ ತಂದ್ಕೊಡ್ತರೆ, ಕುಂಕ್ಮ ತಂದ್ಕೊಡ್ತರೆ. ಅವ್ಳೂ ನನ್ನಂಗೇ ಪಾಪ ಅಂತ ಹಾಕ್ತಳೆ. ಏಳ್ದಿದ್ರೆ ಅವ್ಳ್ಗೆ ಎಂಗ್ ಗೊತ್ತಾಯ್ತದೆ? ಹಂಗಳದ ಅಣ್ಣ ತಂದ ರೋಗ ಅಂತವ್ರೆ. ಸತ್ತೋನು ಬಂದು ಜವಾಬ್ ಕೊಡ್ತನಾ?"

ಮರುದಿನ ಚೀಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದುಕೊಟ್ಟೆ. ಪ್ರಯೋಗಾಲಯಕ್ಕೆ ಅವಳು ಒಬ್ಬಳೇ ಹೋಗಲು ಹೊರಟಳು, ನಾನೂ ಹಿಂದೆ ಹೋದೆ. ಒಳಗೆ ವೈದ್ಯಾಧಿಕಾರಿಯೂ ಇದ್ದರು. ಅವಳು ಮೇಜಿನ ಮೇಲೆ ಕವರನ್ನಿಟ್ಟು, ಎಲ್ಲವನ್ನೂ ಮೊದಲಿನಿಂದ ಹೇಳಿದಳು. ತಪಾಸಣೆಯ ದಿನ ಚೀಲವನ್ನು ಬಚ್ಚಿಟ್ಟದ್ದನ್ನೂ ಹೇಳಿದಳು.

"ಒಳಗೆ ಇದನ್ನ ಯಾರು ತಂದುಕೊಟ್ಟಿದ್ದು?" ಎಂದು ಅಧಿಕಾರಿ ಕೇಳಿದರು.

"ನಾನೇ ತಂದಿದ್ದು ಸಾ. ನಮ್ಮನೇದು."

ನಾನು ಬಾಗಿಲ ಬಳಿ ನಿಂತಿದ್ದೆ. ಶಿವರಂಜಿನಿ ನನ್ನ ಕಡೆ ತಿರುಗಿ ನೋಡಿದಳು. ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ.

ಹೊರಗೆ ಬಂದ ಮೇಲೆ ಕೇಳಿದೆ: "ಯಾಕೆ ಹಾಗೆ ಹೇಳಿದೆ?"

"ನಿಮ್ ತಮ್ಮ ಇನ್ನೂ ಒಳಗವ್ರೆ. ಡಾಕ್ಟ್ರು ನಿಮ್ ಮ್ಯಾಲೆ ಬೇಜಾರ್ ಮಾಡ್ಕಂಡ್ರೆ ಅವ್ರ್ ಗತಿ?" ಎಂದು ಕೆಲಸಕ್ಕೆ ಹೋದಳು.

ಚೀಲದ ಬಟ್ಟೆಯ ಎಳೆಗಳಲ್ಲಿ ಅದೇ ಸೂಕ್ಷ್ಮಜೀವಿ ಬೆಳೆಯಿತು. ಅಷ್ಟು ವಾರ ನಮ್ಮ ದೇವರ ಗೂಡಿನಲ್ಲಿದ್ದರೂ ಸತ್ತಿರಲಿಲ್ಲ. ಅದರ ಜೀನುಗಳನ್ನೂ ಓದಿಸಿದರು. ಮೂಗಯ್ಯನದರಲ್ಲಿದ್ದ ತಪ್ಪು ಅಲ್ಲಿಯೂ ಇತ್ತು. ಇನ್ನು ಯಾರೂ ಊಹಿಸಬೇಕಾಗಿರಲಿಲ್ಲ. ತಾನಾಗಿ ಬಂದು ಹೇಳಿದವಳನ್ನು ಕೆಲಸದಿಂದ ತೆಗೆಯಬಾರದೆಂದು ವೈದ್ಯರು ವಾದಿಸಿದರಂತೆ. ತೆಗೆಯಲಿಲ್ಲ, ಆದರೆ ರೋಗಿಗಳ ಹತ್ತಿರ ಬಿಡಲಿಲ್ಲ. ಹಾಸಿಗೆ ಬಟ್ಟೆ ಒಗೆಯುವ ಕಡೆಗೆ ಹಾಕಿದರು. ಮೆಹರ್ ಬಾನು ಗಂಡನನ್ನು ಮನೆಗೆ ಕರೆದುಕೊಂಡು ಹೋಗುವ ದಿನ ಅವಳನ್ನು ಹುಡುಕಿಕೊಂಡು ಹಿತ್ತಲಿಗೆ ಬಂದು, ಒದ್ದೆ ಕೈಯನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು ಹೋದರು.

ತಮ್ಮ ವೈಶಾಖದಲ್ಲಿ ಮನೆಗೆ ಬಂದ. ಈಗ ಕೋಲು ಹಿಡಿದು ಹೊಲದ ಬದುವಿನವರೆಗೆ ನಡೆಯುತ್ತಾನೆ. "ಆ ಯಮ್ಮನ್ನ ಒಂದ್ಸಲ ಊಟಕ್ಕೆ ಕರ್ಕಂಡ್ ಬಾ ಅಣ್ಣ, ಶಿವನೇ ಕಳಿಸ್ದಂಗ್ ಬಂದ್ಳು" ಎನ್ನುತ್ತಾನೆ. ಅವನಿಗೆ ನಾನು ಇದುವರೆಗೆ ಏನನ್ನೂ ಹೇಳಿಲ್ಲ.

ಆಷಾಢದ ಒಂದು ಭಾನುವಾರ ಚಿಕ್ಕನಿಂಗಮ್ಮ ಗುಂಡ್ಲುಪೇಟೆಗೆ ಬಂದಳು. ಹಂಗಳಕ್ಕೆ ಹೋಗಿ ಪವಿತ್ರಳಿಗೆ ಹೇಳಬೇಕು, ಆ ಹುಡುಗಿ ಇನ್ನೂ ಅಪ್ಪನೇ ರೋಗ ತಂದನೆಂದು ತಿಳಿದಿದ್ದಾಳೆ ಎಂದಳು. ಒಬ್ಬಳನ್ನೇ ಕಳುಹಿಸುವುದು ಸರಿಯಲ್ಲವೆನ್ನಿಸಿ ಜೊತೆಗೆ ಹೊರಟೆ. ಹಂಗಳದ ಬಸ್ಸು ಹತ್ತಿದೆವು. ರಸ್ತೆಯ ಎರಡೂ ಕಡೆ ಚೆಂಡುಹೂವಿನ ಹೊಲಗಳು, ಕೇರಳದ ಕಾರುಗಳವರು ಇಳಿದು ಫೋಟೋ ತೆಗೆದುಕೊಳ್ಳುತ್ತಿದ್ದರು.

ಪವಿತ್ರ ಮನೆಯ ಮುಂದಿನ ಚಪ್ಪರದ ಕೆಳಗೆ ಹೂವನ್ನು ಚೀಲಕ್ಕೆ ತುಂಬುತ್ತಿದ್ದಳು. ನಮ್ಮನ್ನು ಕಂಡು ಸಂತೋಷಪಟ್ಟಳು. ಚಾಪೆ ಹಾಸಿ ನೀರು ತಂದುಕೊಟ್ಟಳು. "ನಿಮ್ ತಮ್ಮ ಎಂಗವ್ರೆ ಮೇಷ್ಟ್ರೆ? ನಡೀತರಾ?" ಎಂದು ಮೊದಲು ಕೇಳಿದಳು. ನಡೆಯುತ್ತಾನೆ ಎನ್ನುವಾಗ ನನಗೆ ತಲೆಯೆತ್ತಲಾಗಲಿಲ್ಲ.

ಚಿಕ್ಕನಿಂಗಮ್ಮ ಹೇಳಿದಳು. ರೋಗ ಅವಳ ಅಪ್ಪ ತಂದದ್ದಲ್ಲ, ಜೀನು ಓದಿ ನೋಡಿದ್ದಾರೆ, ಇನ್ನೊಬ್ಬರಿಂದ ಅವನಿಗೆ ಬಂದದ್ದು.

ಪವಿತ್ರ ಹೂವಿನ ಚೀಲವನ್ನು ಪಕ್ಕಕ್ಕಿಟ್ಟಳು. "ದಿಟುವಾ? ನಮ್ಮಪ್ಪ ತಂದಿದ್ದಲ್ವಾ?" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. "ತಿಥಿಗೆ ನೆಂಟ್ರೂ ಸರ್ಯಾಗ್ ಬರ್ನಿಲ್ಲ ಕಣವ್ವ, ಅಂಟುರೋಗ ಅಂತ. ಮತ್ತೆ ಎಂಗ್ ಬಂತು ಅವನ್ಗೆ?"

"ನನ್ ಇಬೂತಿ ಚೀಲದಿಂದ ಬಂತು ಮಗ. ನಾನೇ ತಂದು..."

"ಅವಳು ತಂದದ್ದಲ್ಲ" ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. "ತಂದುಕೊಟ್ಟವನು ನಾನು. ಚೀಲ ನಮ್ಮ ಮನೆಯದು. ರೋಗ ನನ್ನ ತಮ್ಮನ ಮೈಯಲ್ಲಿತ್ತು. ಬೇಡವೆಂದ ಇವಳನ್ನು ಒಪ್ಪಿಸಿದವನೂ ನಾನೇ. ಆಸ್ಪತ್ರೆಯಲ್ಲಿ ಇದನ್ನು ಹೇಳಲಿಲ್ಲ. ಇವಳು ನನ್ನನ್ನು ಉಳಿಸಿದಳು, ನಾನು ಉಳಿಸಿಕೊಂಡೆ."

ಪವಿತ್ರ ರಾಶಿಯಿಂದ ಒಂದು ಹೂವನ್ನು ಕೈಗೆತ್ತಿಕೊಂಡಳು. ಅದರ ಎಸಳುಗಳನ್ನು ಒಂದೊಂದಾಗಿ ಕೀಳತೊಡಗಿದಳು.

"ನಿಮ್ ತಮ್ಮನ್ಗೆ ನೀವ್ ಕೇಳುದ್ರಿ" ಎಂದಳು ಕಡೆಗೆ. "ನಮ್ಮಪ್ಪಂಗೆ ಕೇಳಿದ್ಯಾರು? ಹಾಕವ್ವ ಅಂತ ಕೈ ಹಿಡ್ಕಂಡೋಳು ನಾನು. ಹಾಕ್ದೆ ಇದ್ರೆ ಸಾಯ್ಬ್ರಂಗೆ ಉಳೀತಿದ್ನ ಅವ್ನು?"

"ಹಂಗಲ್ಲ ಮಗ..." ಎಂದಳು ಚಿಕ್ಕನಿಂಗಮ್ಮ.

"ಹಂಗೇಯ. ಅಪ್ಪ ತಂದ ಅಂತಿದ್ರಲ್ಲ, ಆಗ ಊರ್ನೋರ್ ಮ್ಯಾಲೆ ಸಿಟ್ಟಿತ್ತು. ಮಲೀಕಂಡ್ರೆ ನಿದ್ದೆ ಬತ್ತಿತ್ತು. ಈಗ ನೀವಿಬ್ರೂ ಬಂದು ಏಳ್ಕಂಡು ಅಗುರ ಆದ್ರಿ. ನಾನ್ ಯಾರ್ ತಾವ ಓಗಿ ಏಳ್ಲಿ?"

ಅಪ್ಪನ ಮೇಲಿನ ಕಳಂಕವನ್ನು ತೊಳೆಯಲು ಹೋದೆವೆಂದು ನಾನು ತಿಳಿದಿದ್ದೆ. ಅದನ್ನು ತೆಗೆದು ಮಗಳ ತಲೆಯ ಮೇಲಿಟ್ಟಿದ್ದೆವು. ಅವಳು ಕೇಳಿದ್ದು ತಪ್ಪಲ್ಲ, ನೋಡಿ ಕೇಳಿದ್ದು, ನೋಡುವಂತೆ ಮಾಡಿದವನು ನಾನು ಎಂದೆಲ್ಲ ಹೇಳಿದೆ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ.

"ಓಗಿ ಮೇಷ್ಟ್ರೆ" ಎಂದಳು. ಬೈಯಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಮುಂದಕ್ಕೆ ಹಾಕಿಕೊಂಡಳು.

ನಾನು ಎದ್ದೆ. ಚಿಕ್ಕನಿಂಗಮ್ಮ ಏಳಲಿಲ್ಲ. ಅರ್ಧ ತುಂಬಿದ್ದ ಹೂವಿನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡು, ರಾಶಿಯಿಂದ ಬಾಡಿದ ಹೂಗಳನ್ನು ಬೇರೆ ಮಾಡತೊಡಗಿದಳು.

"ಬಸ್ಸಿಗೆ ಹೊತ್ತಾಯಿತು" ಎಂದೆ.

"ನೀವ್ ಓಗಿ. ನಾನ್ ಇಲ್ಲೇ ಇರ್ತೀನಿ. ಯಾವಾಗ್ಲಾದ್ರೂ ಬಾಗ್ಲು ತಗೀತಳಲ್ಲ."

"ತೆಗೆಯದಿದ್ದರೆ? ನಾಳೆ ನಿನಗೆ ಕೆಲಸವಿದೆ."

ಅವಳು ಇನ್ನೊಂದು ಬಾಡಿದ ಹೂವನ್ನು ಆರಿಸಿ ಪಕ್ಕಕ್ಕೆ ಹಾಕಿದಳು. ನಾನೂ ಅಲ್ಲೇ ಕೂರಬಹುದಾಗಿತ್ತು. ಚಾಪೆಯ ಮೇಲೆ ಜಾಗವಿತ್ತು. ಆದರೆ ಚಪ್ಪಲಿ ಮೆಟ್ಟಿಕೊಂಡು, ರಸ್ತೆಗೆ ಬಂದೆ. ಗುಂಡ್ಲುಪೇಟೆಯ ಬಸ್ಸು ಬಂತು, ಹತ್ತಿ ಕುಳಿತೆ.